ಮೂರು ಸಲದಮ್ಮ

ಆ ಕಾಲೇಜಿನಲ್ಲಿ ವಿದ್ಯುತ್ ಯಂತ್ರಗಳ ಲ್ಯಾಬಿಗೆ ದಾರಿ ಕೇಳಿ ನೋಡಿ, ಯಾರೂ ಲ್ಯಾಬಿನ ಹೆಸರು ಎತ್ತುವುದಿಲ್ಲ. "ಮೂರು ಸಲದಮ್ಮನ ಹತ್ರಾನಾ? ನೆಟ್ಟಗೆ ಹೋಗಿ. ಮೋಟರ್ ಸದ್ದು ಕೇಳುತ್ತೆ, ಅದಕ್ಕಿಂತ ಜೋರಾಗಿ ಅವರ ಸದ್ದು ಕೇಳುತ್ತೆ" ಅನ್ನುತ್ತಾರೆ. ಅಷ್ಟು ಸಾಕು, ದಾರಿ ತಪ್ಪುವ ಮಾತೇ ಇಲ್ಲ.

ಮೂರು ಸಲದಮ್ಮ ಪ್ರೊಫೆಸರ್ ಅಲ್ಲ. ಡಿಪ್ಲೊಮಾ ಮುಗಿಸಿ ಲ್ಯಾಬ್ ಇನ್‌ಸ್ಟ್ರಕ್ಟರ್ ಆಗಿ ಸೇರಿದವರು. ಮೂವತ್ತೊಂದು ವರ್ಷದಿಂದ ಅದೇ ಲ್ಯಾಬು, ಅದೇ ಎಂಟು ಮೋಟರು, ಮೊಣಕೈವರೆಗೆ ಮಡಚಿದ ಅದೇ ನೀಲಿ ಕೋಟು. ಕನ್ನಡಕದ ಒಂದು ಕಡ್ಡಿ ಮುರಿದು ಅದಕ್ಕೆ ಕಪ್ಪು ಟೇಪು ಸುತ್ತಿ ಆರು ವರ್ಷವಾಯಿತು. ಹೊಸದು ತೊಗೊಳ್ಳಿ ಮೇಡಂ ಅಂದರೆ, "ಜಾಯಿಂಟ್ ಗಟ್ಟಿಯಾಗಿದೆ, ನಿಂದೇನು ಹೋಯ್ತು?" ಅಂತ ಬಾಯಿ ಮುಚ್ಚಿಸುತ್ತಾರೆ. ಹೊಸ ಬ್ಯಾಚು ಬಂದ ದಿನ ಮೇಜಿನ ಮೇಲೆ ಒಂದು ತಗಡಿನ ಡಬ್ಬಿ ಇಟ್ಟು, "ಉಂಗುರ, ಬಳೆ, ವಾಚು, ಎಲ್ಲ ತೆಗೆದು ಇದಕ್ಕೆ ಹಾಕಿ. ಪ್ರೀತಿಯವರು ಕೊಟ್ಟ ಉಂಗುರ ಇದ್ರೆ ಅದನ್ನ ಮೊದಲು ತೆಗೀರಿ. ಬೆರಳಿದ್ರೆ ತಾನೆ ಉಂಗುರ?" ಅನ್ನುತ್ತಾರೆ. ಹುಡುಗ ಹುಡುಗಿಯರು ನಗುತ್ತಾರೆ. ನಕ್ಕರೂ ತೆಗೆಯುತ್ತಾರೆ.

ಹೆಸರು ಬಂದದ್ದು ಅವರ ಒಂದು ಹಟದಿಂದ. ಮೋಟರಿಗೆ ಹೋಗುವ ತಂತಿ ಮುಟ್ಟುವ ಮೊದಲು ಸ್ವಿಚ್ಚು ಆರಿಸಬೇಕು, ಇದು ಎಲ್ಲರಿಗೂ ಗೊತ್ತು. ಆರಿಸಿದ ಮೇಲೆ ಟೆಸ್ಟರ್ ಇಟ್ಟು ಅದರ ಪುಟ್ಟ ದೀಪ ಹೊತ್ತುತ್ತದೋ ಇಲ್ಲವೋ ನೋಡಬೇಕು, ಇದೂ ಗೊತ್ತು. ಮೂರು ಸಲದಮ್ಮನಿಗೆ ಅಷ್ಟು ಸಾಲದು. ಮೊದಲು, ಕರೆಂಟು ಖಂಡಿತ ಇರುವ ಕಡೆ ಟೆಸ್ಟರ್ ಇಟ್ಟು ದೀಪ ಹೊತ್ತುವುದನ್ನು ನೋಡಬೇಕು. ಆಮೇಲೆ, ಕೆಲಸ ಮಾಡುವ ತಂತಿಗೆ ಇಟ್ಟು ಹೊತ್ತದಿರುವುದನ್ನು ನೋಡಬೇಕು. ಅದಾದ ಮೇಲೆ ಮತ್ತೆ ಮೊದಲಿನ ಜಾಗಕ್ಕೇ ಬಂದು, ಇನ್ನೊಂದು ಸಲ ಹೊತ್ತುವುದನ್ನು ನೋಡಬೇಕು. ನಡುವೆ ಟೆಸ್ಟರೇ ಕೆಟ್ಟು ಕೂತಿದ್ದರೆ? ಕೆಟ್ಟ ಟೆಸ್ಟರಿಗೆ ಸತ್ತ ತಂತಿಯೂ ಒಂದೇ, ಕೊಲ್ಲುವ ತಂತಿಯೂ ಒಂದೇ. "ಬೆಳ್ಳಗಿರೋದೆಲ್ಲ ಹಾಲಲ್ಲ ಕಣ್ರೋ, ದೀಪ ಹೊತ್ತದ ತಂತಿಯೆಲ್ಲ ಸತ್ತಿರಲ್ಲ. ಮೂರು ಸಲ!" ಅಂತ ದಿನಕ್ಕೆ ನೂರು ಸಲ ಕೂಗುತ್ತಿದ್ದರು. ಹೆಸರು ಬಾರದೆ ಇನ್ನೇನು?

ಇನ್ನೊಂದು ನಿಯಮವಿತ್ತು. ಲ್ಯಾಬಿನಲ್ಲಿ ಯಾರೇ ಆಗಲಿ "ನಿಲ್ಲಿ" ಅಂತ ಕೂಗಿದರೆ ಎಲ್ಲರೂ ಕೈ ಎದೆಗೆ ತಂದುಕೊಂಡು ನಿಲ್ಲಬೇಕು. ಕೂಗಿದವರು ಮೊದಲ ವರ್ಷದ ಚಿಲ್ಟಾರಿಯೇ ಆಗಿರಲಿ, ನಿಲ್ಲಬೇಕಾದವರು ಪ್ರಿನ್ಸಿಪಾಲರೇ ಆಗಿರಲಿ. "ಯಾಕೆ ಅನ್ನೋದು ಆಮೇಲೆ. ಮೊದಲು ನಿಲ್ಲು" ಅನ್ನುವುದು ಅವರ ಮಾತು.

ಈ ಹಟವೆಲ್ಲ ಎಲ್ಲಿಂದ ಬಂತು ಅಂತ ಹುಡುಗರಿಗೆ ಗೊತ್ತಿರಲಿಲ್ಲ. ಮನೆಯವರಿಗೂ ಗೊತ್ತಿರಲಿಲ್ಲ. ಅವರೊಬ್ಬರಿಗೆ ಮಾತ್ರ ಗೊತ್ತಿತ್ತು.

ಅವರಿಗೊಬ್ಬ ಅಣ್ಣ. ವೈರ್‌ಮನ್ ಆಗಿದ್ದವನು, ತಂಗಿಯ ಡಿಪ್ಲೊಮಾ ಫೀಸು ಕಟ್ಟಿದವನು. ಆಗ ಇವರಿಗೆ ಹತ್ತೊಂಬತ್ತು. ಒಂದು ಬೆಳಗ್ಗೆ ಓದುವ ಮೇಜಿನ ದೀಪ ಹತ್ತಲಿಲ್ಲ ಅಂತ ಅಣ್ಣನ ಅಂಗಿಯ ಜೇಬಿನಿಂದ ಟೆಸ್ಟರ್ ಎಳೆದುಕೊಂಡರು. ಕೈಜಾರಿ ನೆಲಕ್ಕೆ ಬಿತ್ತು. ಎತ್ತಿ ನೋಡಿದರೆ ಏನೂ ಆದಂತೆ ಕಾಣಲಿಲ್ಲ. ಅಣ್ಣ ಸ್ನಾನ ಮುಗಿಸಿ ಬರುವಷ್ಟರಲ್ಲಿ ಮೆಲ್ಲಗೆ ಜೇಬಿಗೆ ವಾಪಸ್ ಇಟ್ಟರು. ಬೈಯುತ್ತಾನೆ ಅಂತ ಹೇಳಲಿಲ್ಲ, ಅಷ್ಟೇ. ಮಧ್ಯಾಹ್ನ ಅಣ್ಣ ಒಂದು ಹಿಟ್ಟಿನ ಗಿರಣಿಯಲ್ಲಿ ತಂತಿಗೆ ಟೆಸ್ಟರ್ ಇಟ್ಟ, ದೀಪ ಹೊತ್ತಲಿಲ್ಲ, ಕೈ ಹಾಕಿದ. ಜೀವ ಉಳಿಯಿತು. ಬಲಗೈಯ ಮೂರು ಬೆರಳು ಉಳಿಯಲಿಲ್ಲ.

ಹಣೆಬರಹ ಅಂದರು ಅಮ್ಮ. ಹಣೆಬರಹ ಅಂದ ಅಣ್ಣನೂ. ಇವರು ಆಸ್ಪತ್ರೆಯ ಬಾಗಿಲಲ್ಲಿ ನಿಂತು ಮಾತು ಬಾಯಿಯವರೆಗೆ ಬಂದರೂ ನುಂಗಿಕೊಂಡರು. ಇವತ್ತು ಹೇಳೋಣ, ನಾಳೆ ಹೇಳೋಣ ಅಂತ ವರ್ಷಗಳೇ ಉರುಳಿದವು. ಅಣ್ಣ ಎಡಗೈಯಲ್ಲಿ ಬರೆಯುವುದನ್ನು ಕಲಿತು, ಹಾರ್ಡ್‌ವೇರ್ ಅಂಗಡಿಯಲ್ಲಿ ಸ್ಟೋರ್ ನೋಡಿಕೊಂಡು, ಮದುವೆಯಾಗಿ, ಮಕ್ಕಳನ್ನು ದೊಡ್ಡವರನ್ನಾಗಿ ಮಾಡಿ ಈಗ ತಂಗಿಯ ಮನೆಯ ಮೇಲಿನ ಮಹಡಿಯಲ್ಲೇ ಇದ್ದಾನೆ. ಸಂಜೆಯ ಚಹಾ ತಂಗಿಯ ಅಡುಗೆಮನೆಯಲ್ಲೇ ಆಗಬೇಕು. "ನಂಗೇನು ಕಷ್ಟ ಹೇಳು, ಉಗುರು ಕತ್ತರಿಸೋ ಕೆಲಸ ಬೇಗ ಮುಗಿಯುತ್ತೆ" ಅಂತ ತನ್ನ ಕೈಯನ್ನೇ ತಮಾಷೆ ಮಾಡಿ ಗಹಗಹಿಸಿ ನಗುತ್ತಾನೆ. ಅವನು ನಕ್ಕಾಗಲೆಲ್ಲ ತಂಗಿ ಲೋಟ ತೊಳೆಯುವ ನೆಪದಲ್ಲಿ ಬೆನ್ನು ತಿರುಗಿಸುತ್ತಿದ್ದರು. ಆ ತಪ್ಪಿಗೆ ಅವರು ಕಂಡುಕೊಂಡ ಪ್ರಾಯಶ್ಚಿತ್ತ ಒಂದೇ, ಆ ಲ್ಯಾಬು. ಅಲ್ಲಿಂದ ಹೊರಗೆ ಹೋಗುವ ಒಂದೊಂದು ಮಗುವಿಗೂ ಹತ್ತು ಬೆರಳು ಇರಬೇಕು.

ಇನ್ನು ಗ್ರಾಫ್ ರಾಜನ ವಿಷಯ. ಮೂರನೇ ವರ್ಷದ ಹುಡುಗ. ಪರೀಕ್ಷೆಯಲ್ಲಿ ಅವನೇ ಮುಂದು, ಸೂತ್ರ ಅಂದರೆ ನಿದ್ದೆಯಲ್ಲೂ ಹೇಳುತ್ತಿದ್ದ. ಕೈಗೆ ಸ್ಕ್ರೂಡ್ರೈವರ್ ಕೊಟ್ಟರೆ ಮಾತ್ರ ಯಾವ ಕಡೆ ತಿರುಗಿಸಬೇಕು ಅಂತ ಅಕ್ಕಪಕ್ಕ ನೋಡುತ್ತಿದ್ದ. ಶುದ್ಧ ಪುಸ್ತಕದ ಬದನೆಕಾಯಿ. ಆದರೆ ಅವನ ಗ್ರಾಫುಗಳು ಇದ್ದವಲ್ಲ, ಅವು ಅದೆಷ್ಟು ನುಣುಪು, ಎಷ್ಟು ಚೆಂದ! ಇಡೀ ಬ್ಯಾಚು ಅವನದನ್ನು ನೋಡಿ ಬರೆದುಕೊಳ್ಳುತ್ತಿತ್ತು.

ಒಂದು ದಿನ ಮೂರು ಸಲದಮ್ಮ ಅವನ ರೆಕಾರ್ಡನ್ನು ಮೂಗಿನ ಹತ್ತಿರ ಹಿಡಿದು ನೋಡಿದರು.

"ಏನಪ್ಪಾ ರಾಜ, ಈ ಐದನೇ ಮೋಟರಿಗೆ ಹೆಚ್ಚುಕಮ್ಮಿ ನನ್ನಷ್ಟೇ ವಯಸ್ಸು. ಲೋಡು ಹೆಚ್ಚಿಸ್ತಾ ಹೋದ್ರೆ ನಾಲ್ಕನೇ ರೀಡಿಂಗಲ್ಲಿ ಕುಂಟೇ ಕುಂಟುತ್ತೆ. ನಿನ್ನ ಗ್ರಾಫಲ್ಲಿ ಓಡ್ತಾ ಇದೆಯಲ್ಲೋ! ಕುಂಟು ಎಲ್ಲಿ ಹೋಯ್ತು?"

ಹುಡುಗ ನೆಲ ನೋಡಿದ. "ಬಂದಿದ್ದು ಬರೆದ್ರೆ ಗ್ರಾಫ್ ಸರಿ ಬರಲ್ಲ ಮೇಡಂ. ಮಾರ್ಕ್ಸ್ ಹೋಗುತ್ತೆ."

"ಬರದೇ ಇರೋದನ್ನ ಬರೆದ್ರೆ ನಾಳೆ ಯಾರದೋ ಮನೆ ಹೋಗುತ್ತೆ. ಬಂದದ್ದನ್ನ ಬರಿ. ಯಾಕೆ ಹಾಗೆ ಬಂತು ಅಂತ ತಲೆ ಕೆಡಿಸಿಕೋ. ನೀನು ಓದ್ತಿರೋದು ಅದಕ್ಕೇ."

ಹೇಳುವಾಗ ಅವರ ಕಿವಿ ಅವರಿಗೇ ಬಿಸಿಯಾಯಿತು. ಊರಿಗೆಲ್ಲ ಬಂದದ್ದನ್ನು ಬರಿ ಅನ್ನುವವಳು ತಾನು ಏನು ಬರೆದಿದ್ದೇನೆ ಅನ್ನಿಸಿತು. ಆ ಸಿಟ್ಟನ್ನೂ ಸೇರಿಸಿ ಹುಡುಗನಿಗೆ ಶಿಕ್ಷೆ ಕೊಟ್ಟರು: ಆರು ಶನಿವಾರ ಲ್ಯಾಬಿಗೆ ಬರಬೇಕು.

ಮೊದಲ ಶನಿವಾರ ಹುಡುಗ ಮುಖ ಊದಿಸಿಕೊಂಡು ಬಂದ. ಒಳಗಿನ ತಾಮ್ರಕ್ಕೆ ಗಾಯವಾಗದಂತೆ ತಂತಿ ಸುಲಿಯುವುದೇ ಒಂದು ದಿನವಾಯಿತು. ಜಾಯಿಂಟ್ ಮಾಡಿ ಎರಡು ಕೈಯಲ್ಲಿ ಜಗ್ಗಬೇಕು. ಬಿಚ್ಚಿಕೊಂಡರೆ ಮತ್ತೆ ಮಾಡಬೇಕು. ಒಂದು ತಂತಿ ಹಿಡಿಯುವ ಮೊದಲು ಇಡೀ ನಕ್ಷೆ ಕಾಗದದ ಮೇಲೆ ಬರೆದು, ಕರೆಂಟು ಎಲ್ಲಿಂದ ಹೊರಟು ಎಲ್ಲಿಗೆ ಸೇರುತ್ತದೆ ಅಂತ ಬೆರಳಿಟ್ಟು ಬಾಯಿಬಿಟ್ಟು ಹೇಳಬೇಕು. ಸ್ಕ್ರೂಡ್ರೈವರಿನ ತುದಿಯನ್ನು ಮೋಟರಿನ ಮೈಗೆ, ಹಿಡಿಯನ್ನು ಕಿವಿಗೆ ಇಟ್ಟು ಬೇರಿಂಗ್ ಸವೆದ ಸದ್ದು ಕೇಳುವುದನ್ನು ಕಲಿತ ದಿನ ಅವನ ಮುಖ ಅರಳಿತು. "ಮೇಡಂ, ಒಳಗೆ ಮರಳು ಹಾಕಿದ ಹಾಗೆ ಕೇಳುತ್ತೆ!" ಅಂದ. ಅವತ್ತು ಹೊತ್ತು ಹೋದದ್ದೇ ಗೊತ್ತಾಗಲಿಲ್ಲ. ಆರು ಶನಿವಾರ ಮುಗಿದರೂ ಏಳನೆಯದಕ್ಕೆ ತಾನಾಗಿಯೇ ಬಂದ.

ಈ ನಡುವೆ ಒಂದು ಅವಾಂತರವಾಯಿತು. ಕ್ಲಾಸು ನಡೆಯುತ್ತಿರುವಾಗ ರಾಜ ಇದ್ದಕ್ಕಿದ್ದಂತೆ "ನಿಲ್ಲಿ!" ಅಂತ ಕಿರುಚಿದ. ಎಲ್ಲರೂ ಕೈ ಎದೆಗೆ ತಂದುಕೊಂಡು ನಿಂತರು. ನೋಡಿದರೆ ಏನೂ ಇಲ್ಲ. ನೆಲದ ಮೇಲೆ ಬಿದ್ದಿದ್ದ ಬರಿಯ ದಾರವನ್ನು ಅವನು ತಂತಿ ಅಂದುಕೊಂಡಿದ್ದ. ಕ್ಲಾಸಿಗೆ ಕ್ಲಾಸೇ ಬಿದ್ದು ಬಿದ್ದು ನಕ್ಕಿತು. ಮೂರು ಸಲದಮ್ಮ ನಕ್ಕವರ ಕಡೆ ತಿರುಗಿದರು. "ಕಿಸಿದಿದ್ದು ಸಾಕು. ಸುಳ್ಳು 'ನಿಲ್ಲಿ'ಗೆ ಹೋಗೋದು ಐದು ನಿಮಿಷ. ಕೂಗದೇ ಇರೋ 'ನಿಲ್ಲಿ'ಗೆ ಹೋಗೋದು ಏನು ಅಂತ ಗೊತ್ತಾ ನಿಮಗೆ? ಲೋ ರಾಜ, ನಾಳೇನೂ ಕೂಗು" ಅಂದರು. ಹುಡುಗ ಕಣ್ಣು ಒರೆಸಿಕೊಂಡ.

ಅಷ್ಟರಲ್ಲಿ ಸಿಡಿಲಿನಂಥ ಸುದ್ದಿ ಬಂತು. ವಿಭಾಗದ ಮುಖ್ಯಸ್ಥರು, ಅವರೂ ಒಂದು ಕಾಲಕ್ಕೆ ಇದೇ ಲ್ಯಾಬಿನಲ್ಲಿ ಇವರ ಕೈಯಲ್ಲಿ ಬೈಸಿಕೊಂಡ ಹುಡುಗನೇ, ಮೋಟರುಗಳನ್ನು ತೆಗೆದು ಅಲ್ಲಿ ನಲವತ್ತು ಕಂಪ್ಯೂಟರ್ ಇಡುವ ಯೋಚನೆ ಹಾಕಿದ್ದರು.

"ಎಲ್ಲ ಪ್ರಯೋಗಾನೂ ಪರದೆ ಮೇಲೇ ಮಾಡಬಹುದು ಮೇಡಂ. ಯಾರಿಗೂ ಶಾಕ್ ಹೊಡೆಯೋ ಭಯ ಇಲ್ಲ. ಹೊರಗಿನ ತಜ್ಞರ ಕಮಿಟಿಯೋರು ಬಂದು ಲ್ಯಾಬ್ ನೋಡ್ತಾರೆ. ಅವರು ಒಪ್ಪಿದ್ರೆ ಇದೆಲ್ಲ ಗುಜರಿಗೆ. ನಿಮಗೆ ಲೈಬ್ರರಿಯಲ್ಲಿ ಆರಾಮದ ಕೆಲಸ ಕೊಡಿಸ್ತೀನಿ."

ಕೆಟ್ಟ ಮನುಷ್ಯನೇನಲ್ಲ ಪಾಪ, ಒಳ್ಳೆಯದೇ ಮಾಡುತ್ತಿದ್ದೇನೆ ಅಂದುಕೊಂಡಿದ್ದ. ಆದರೆ ಮೂರು ಸಲದಮ್ಮನಿಗೆ ಕಾಲ ಕೆಳಗಿನ ನೆಲವೇ ಕುಸಿಯಿತು. ಲೈಬ್ರರಿಯಂತೆ! ಪುಸ್ತಕ ಮುಟ್ಟಿದರೆ ಯಾರ ಬೆರಳು ಹೋಗುತ್ತದೆ? ನಿವೃತ್ತಿಗೆ ಇನ್ನು ಮೂರು ವರ್ಷ. ಇನ್ನೂ ಮೂರು ಬ್ಯಾಚು ಮಕ್ಕಳು. ಈ ಲ್ಯಾಬು ಹೋದರೆ ತಾನು ಅಣ್ಣನಿಗೆ ತೀರಿಸುತ್ತಿದ್ದದ್ದು ಅರ್ಧಕ್ಕೇ ನಿಲ್ಲುತ್ತದೆ. ಕಮಿಟಿಯ ಮುಂದೆ ಒಂದು ಮೋಟರೂ ಕೆಮ್ಮಬಾರದು ಅಂತ ಹಟ ತೊಟ್ಟು ಹದಿನೈದು ದಿನ ಒಂದೊಂದನ್ನೂ ಬಿಚ್ಚಿ, ಒರೆಸಿ, ಎಣ್ಣೆ ಹಾಕಿ ಸಿದ್ಧಮಾಡಿದರು. ರಾಜನೂ ಜೊತೆಗೆ ನಿಂತ.

ಕಮಿಟಿ ಬಂತು. ಅದರ ಮುಖ್ಯಸ್ಥೆ ನರೆತ ಕೂದಲಿನ ಒಬ್ಬ ಹಿರಿಯ ಎಂಜಿನಿಯರ್, ವಿದ್ಯುತ್ ಕೇಂದ್ರದಲ್ಲಿ ದುಡಿದು ಬಂದವರು, ಮಾತು ಕಡಿಮೆ. "ಐದನೇದು ಓಡಿಸಿ ನೋಡೋಣ" ಅಂದರು. ನೋಡಿ, ಎಂಟರಲ್ಲಿ ಕುಂಟ ಮೋಟರಿಗೇ ಕೈ ತೋರಿಸಬೇಕೆ!

ಸ್ವಿಚ್ಚು ಹಾಕಿದರು. ಮೋಟರು ಗುಂಯ್ ಅಂತ ಗೊಣಗಿತೇ ಹೊರತು ತಿರುಗಲಿಲ್ಲ. ಮೂರು ಸಲದಮ್ಮನಿಗೆ ಸದ್ದು ಕೇಳಿದೊಡನೆ ತಿಳಿಯಿತು: ಮೂರು ತಂತಿಯಲ್ಲಿ ಬರಬೇಕಾದ ಕರೆಂಟು ಎರಡರಲ್ಲೇ ಬರುತ್ತಿದೆ, ಬೋರ್ಡಿನ ಹಿಂದೆ ಒಂದು ತಂತಿ ಸಡಿಲವಾಗಿದೆ. ಒಂದು ನಿಮಿಷದ ಕೆಲಸ. ಮೇನ್ ಸ್ವಿಚ್ಚಿನ ಹಿಡಿ ಕೆಳಗೆ ಎಳೆದರು. ಬೋರ್ಡಿನ ಮುಚ್ಚಳ ಬಿಚ್ಚಿದರು. ಬೇರೆ ಲೈನಿನಿಂದ ಕರೆಂಟು ಬರುವ ಪಕ್ಕದ ಗೋಡೆಯ ಸಾಕೆಟ್ಟಿಗೆ ಟೆಸ್ಟರ್ ಇಟ್ಟರು, ದೀಪ ಹೊತ್ತಿತು. ಒಂದು ಸಲ.

ಆಗ ವಿಭಾಗದ ಮುಖ್ಯಸ್ಥರು ಹಿಂದಿನಿಂದ, "ಹಳೇ ಮೆಷೀನು, ನೋಡಿದ್ರಲ್ಲ ಮೇಡಂ" ಅಂತ ಕಮಿಟಿಯವರಿಗೆ ಹೇಳಿದ್ದು ಕೇಳಿಸಿತು. ಇವರು ಅತ್ತ ತಿರುಗಿದರು. ಬೆವರಿದ ಕೈಯಿಂದ ಟೆಸ್ಟರ್ ಜಾರಿ ಸಿಮೆಂಟ್ ನೆಲಕ್ಕೆ ಬಿತ್ತು. ಬಗ್ಗಿ ಎತ್ತಿಕೊಂಡರು. ಬೋರ್ಡಿನ ತಂತಿಗೆ ಇಟ್ಟರು, ದೀಪ ಹೊತ್ತಲಿಲ್ಲ. ಎರಡು ಸಲ. ಬೇಗ ಮುಗಿಸಿಬಿಡಬೇಕು, ಇವರೆಲ್ಲ ನೋಡುತ್ತಿದ್ದಾರೆ, ಬೇಗ. ಟೆಸ್ಟರ್ ಜೇಬಿಗಿಟ್ಟು ಬೆರಳನ್ನು ತಂತಿಯ ಕಡೆಗೆ ಚಾಚಿದರು.

"ನಿಲ್ಲಿ!"

ಮೂವತ್ತೊಂದು ವರ್ಷದ ರೂಢಿ ಸುಮ್ಮನೆ ಹೋಗುತ್ತದೆಯೇ? ಯಾರು ಕೂಗಿದರು, ಯಾಕೆ ಕೂಗಿದರು ಅಂತ ತಲೆಗೆ ಹೊಳೆಯುವ ಮೊದಲೇ ಅವರ ಎರಡೂ ಕೈ ಎದೆಗೆ ಬಂದಿದ್ದವು. ಕಮಿಟಿಯವರು ಬೆಕ್ಕಸಬೆರಗಾಗಿ ನೋಡಿದರು. ಗ್ರಾಫ್ ರಾಜ ಕೆಂಪಗಾಗಿ ನಿಂತಿದ್ದ.

"ಮೂರನೇ ಸಲ ಮಾಡಿಲ್ಲ ಮೇಡಂ. ಟೆಸ್ಟರ್ ಬಿತ್ತು."

ಮೂರು ಸಲದಮ್ಮ ಸಾಕೆಟ್ಟಿಗೆ ಟೆಸ್ಟರ್ ಇಟ್ಟರು. ದೀಪ ಹೊತ್ತಲಿಲ್ಲ. ಇನ್ನೊಮ್ಮೆ ಇಟ್ಟರು. ಊಹೂಂ. ರಾಜ ಬಲ್ಬಿಗೆ ತಂತಿ ಕಟ್ಟಿದ ಟೆಸ್ಟ್ ಲ್ಯಾಂಪು ತಂದುಕೊಟ್ಟ. ಅದನ್ನು ಮೊದಲು ಸಾಕೆಟ್ಟಿನಲ್ಲಿ ನೋಡಿಕೊಂಡು, ಆಮೇಲೆ ತಾವು ಬೆರಳು ಚಾಚಿದ್ದ ತಂತಿಗೆ ಇಟ್ಟರು. ಬಲ್ಬು ಧಗ್ಗನೆ ಉರಿಯಿತು. ಮೇನ್ ಸ್ವಿಚ್ಚಿನ ಹಿಡಿಯೇನೋ ಕೆಳಗೆ ಬಂದಿತ್ತು, ಆದರೆ ಒಳಗೆ ಕರೆಂಟು ಕಡಿಯುವ ಮೂರು ಅಲಗುಗಳಲ್ಲಿ ಒಂದು ಕಚ್ಚಿಕೊಂಡು ಮೇಲೇ ಕೂತಿತ್ತು. ಮೂರು ಸಲದಮ್ಮ ಸ್ಟೂಲಿನ ಮೇಲೆ ಕೂತು ತಮ್ಮ ಬಲಗೈಯ ಬೆರಳುಗಳನ್ನು ನೋಡಿಕೊಂಡರು. ಐದೂ ಇದ್ದವು.

ನೀರು ಕುಡಿದು ಸುಧಾರಿಸಿಕೊಂಡ ಮೇಲೆ ಲ್ಯಾಬಿನ ದಿನಚರಿ ಪುಸ್ತಕ ಎಳೆದುಕೊಂಡರು. ಅವತ್ತವತ್ತಿನ ತೊಂದರೆ ಅವತ್ತೇ ಅದರಲ್ಲಿ ಬರೆಯಬೇಕು, ಅದೂ ಅವರದೇ ನಿಯಮ. ಪೆನ್ನು ತೆರೆದರು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಅನ್ನುವ ಗಾದೆ ಅವರಿಗೂ ಗೊತ್ತು. ಸ್ವಿಚ್ಚು ಕೆಟ್ಟಿದೆ ಅಂತ ಬರೆದರೆ ಲ್ಯಾಬು ಅಪಾಯ ಅಂತ ಬೀಗ ಹಾಕಲು ತಾವೇ ಕಾಗದ ಬರೆದುಕೊಟ್ಟಂತೆ. ಎದುರಿಗೆ ರಾಜ ನಿಂತಿದ್ದ. ಬರೆದೇಬಿಟ್ಟರು: 'ಮೇನ್ ಸ್ವಿಚ್ಚಿನ ಒಂದು ಅಲಗು ಕಚ್ಚಿಕೊಂಡಿದೆ. ಟೆಸ್ಟರ್ ಬೀಳಿಸಿದ್ದು ನಾನು. ಮೂರನೇ ಸಲ ನೋಡದೆ ಕೈ ಚಾಚಿದ್ದು ನಾನು. ತಡೆದದ್ದು ವಿದ್ಯಾರ್ಥಿ.' ಕೆಳಗೆ ಸಹಿ ಹಾಕಿದರು.

ಕಮಿಟಿಯ ಮುಖ್ಯಸ್ಥೆ ಪುಸ್ತಕವನ್ನು ತಿರುಗಿಸಿಕೊಂಡು ಓದಿದರು. ಆಮೇಲೆ ಹುಡುಗನನ್ನು ಕೇಳಿದರು, "ದೊಡ್ಡವರಿಗೆ ಹಾಗೆ ಕೂಗೋಕೆ ಹೆದರಿಕೆ ಆಗ್ಲಿಲ್ವೇನಪ್ಪ?"

"ಆಯ್ತು ಮೇಡಂ. ಆದ್ರೆ ಕೂಗು ಅಂತ ಅವರೇ ಹೇಳಿಕೊಟ್ಟಿದ್ದು."

ಆಕೆ ಪುಸ್ತಕ ಮುಚ್ಚಿಟ್ಟರು. ಹೊರಡುವಾಗ ವಿಭಾಗದ ಮುಖ್ಯಸ್ಥರ ಹತ್ತಿರ ಇಷ್ಟು ಮಾತ್ರ ಕೇಳಿದರು: "ನಿಮ್ಮ ಪರದೆ ಮೇಲೆ ಸ್ವಿಚ್ಚು ಹೀಗೆ ಕಚ್ಚಿಕೊಳ್ಳುತ್ತಾ?"

ಅವತ್ತು ಸಂಜೆ ಅಣ್ಣ ಎಂದಿನಂತೆ ಮಹಡಿ ಇಳಿದು ಅಡುಗೆಮನೆಗೆ ಬಂದ. ತಂಗಿ ಒಲೆಯ ಮೇಲೆ ಚಹಾ ಇಟ್ಟು ಹಾಲು ಹಾಕುವುದನ್ನೇ ಮರೆತು ನಿಂತಿದ್ದರು.

"ಯಾಕೆ, ಲ್ಯಾಬ್ ಹೋಯ್ತಾ?" ಅಂದ ಅಣ್ಣ.

"ಗೊತ್ತಿಲ್ಲ. ಅಣ್ಣ, ಕೂತ್ಕೋ. ಒಂದು ಮಾತು ಹೇಳಬೇಕು." ಮೂವತ್ತೆಂಟು ವರ್ಷ ನುಂಗಿಕೊಂಡದ್ದು ಒಂದೇ ಉಸಿರಿಗೆ ಹೊರಗೆ ಬಂತು. ಮೇಜಿನ ದೀಪ, ಜೇಬು, ನೆಲ, ಮತ್ತೆ ಜೇಬು. "ನಿನ್ನ ಟೆಸ್ಟರ್ ಬೀಳಿಸಿದ್ದು ನಾನು. ಬೀಳಿಸಿ ಸುಮ್ಮನಿದ್ದೆ. ನಿನ್ನ ಕೈ ತೆಗೆದವಳು ನಾನೇ ಅಣ್ಣ." ಹೇಳಿ ಮುಗಿಸಿ ಗೋಡೆಯ ಕಡೆ ತಿರುಗಿ ಬಿಕ್ಕಿ ಬಿಕ್ಕಿ ಅತ್ತರು.

ಅಣ್ಣನಿಗೆ ಇದು ಗೊತ್ತಿರಲಿಲ್ಲ. ಅವನ ಮುಖದ ನಗು ಆರಿಹೋಯಿತು. ಎರಡು ಬೆರಳಿನ ಕೈಯನ್ನು ಮೇಜಿನ ಮೇಲಿಟ್ಟುಕೊಂಡು, ಮೊದಲ ಸಲ ನೋಡುವವನಂತೆ ನೋಡುತ್ತ ಕೂತ. ಚಹಾ ಕುದಿದು ಉಕ್ಕಿತು. ಎದ್ದು ಒಲೆ ಆರಿಸಿದವನು ಅವನೇ.

"ಹೇಳಬೇಕಿತ್ತು ಕಣೇ" ಅಂದ ಕೊನೆಗೆ. "ಅವತ್ತೇ ಹೇಳಿದ್ರೆ ಎರಡೇಟು ಹೊಡೆದು ಸುಮ್ಮನಾಗ್ತಿದ್ದೆ. ಇಷ್ಟು ವರ್ಷ ಒಬ್ಬಳೇ ಹೊತ್ಕೊಂಡು ತಿರುಗಿದೆಯಲ್ಲ, ಹುಚ್ಚಿ." ಉಕ್ಕಿದ ಚಹಾ ಒರೆಸುತ್ತ, "ಬೀಳಿಸಿದ್ದು ನೀನು, ಸರಿ. ನೋಡದೆ ನಂಬಿದ್ದು ಯಾರು? ಅಲ್ಲೇ ಪಕ್ಕದಲ್ಲಿ ಸಾಕೆಟ್ ಇತ್ತು. ಒಂದು ಸಲ ಇಟ್ಟು ನೋಡಿದ್ರೆ ಮುಗೀತಿತ್ತು. ಅರ್ಧ ನಿಂದು, ಅರ್ಧ ನಂದು. ಮೂರು ಬೆರಳಲ್ಲಿ ಒಂದೂವರೆ ಒಂದೂವರೆ ಹಂಚ್ಕೊಳ್ಳೋಣ. ಹಾಲು ಹಾಕು ಮೊದಲು" ಅಂದ. ತಂಗಿಗೆ ಅಳುವಿನ ನಡುವೆಯೇ ನಗು ಬಂದುಬಿಟ್ಟಿತು. ಮುಂದೆ ಎಂಟು ದಿನ ಅಣ್ಣ ಮಾತು ಕಡಿಮೆ ಮಾಡಿದ್ದು ನಿಜ. ಆದರೆ ಚಹಾಕ್ಕೆ ಒಂದು ದಿನವೂ ತಪ್ಪಿಸಲಿಲ್ಲ.

ಕಮಿಟಿಯ ಕಾಗದ ಮುಂದಿನ ತಿಂಗಳು ಬಂತು. ಮೇನ್ ಸ್ವಿಚ್ಚು, ಬೋರ್ಡು ಎಲ್ಲ ಹೊಸದು ಹಾಕಿಸಬೇಕು, ಅಲ್ಲಿಯವರೆಗೆ ಲ್ಯಾಬು ಮುಚ್ಚಿರಬೇಕು, ಆಮೇಲೆ ಮೋಟರುಗಳು ಇದ್ದಲ್ಲೇ ಇರಬೇಕು, ಕಂಪ್ಯೂಟರುಗಳಿಗೆ ಪಕ್ಕದ ಕೋಣೆ ನೋಡಿಕೊಳ್ಳಿ. ವಿಭಾಗದ ಮುಖ್ಯಸ್ಥರು ಕಾಗದವನ್ನು ತಾವೇ ತಂದು ಮೇಜಿನ ಮೇಲಿಟ್ಟು, "ನಾನೂ ಮೂರು ಸಲ ಮಾಡ್ತಿದ್ದೆ ಮೇಡಂ, ನೆನಪಿದೆಯಾ?" ಅಂದರು. "ಎರಡು ಸಲ ಮಾಡ್ತಿದ್ರಿ ಸಾರ್. ಮೂರನೇದಕ್ಕೆ ದಿನಾ ಬೈಸ್ಕೊಳ್ತಿದ್ರಿ" ಅಂದರು ಮೂರು ಸಲದಮ್ಮ.

ಹೊಸ ಬೋರ್ಡು ಬಂದು, ಹೊಸ ಬ್ಯಾಚು ಬಂದ ಮೊದಲ ದಿನ ತಗಡಿನ ಡಬ್ಬಿಗೆ ಉಂಗುರಗಳೆಲ್ಲ ಬಿದ್ದ ಮೇಲೆ ಅವರು ಎಂದಿನ ಭಾಷಣ ಶುರು ಮಾಡಲಿಲ್ಲ. ಬಾಗಿಲ ಹತ್ತಿರ ನಿಂತಿದ್ದ ಅಣ್ಣನನ್ನು ಒಳಗೆ ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡರು. "ಇವರು ನಮ್ಮಣ್ಣ. ಇವರ ಕೈ ನೋಡಿ. ಆವತ್ತು ಟೆಸ್ಟರ್ ಬೀಳಿಸಿ ಸುಮ್ಮನಿದ್ದವಳು ನಾನು" ಅಂದರು. ಹಿಂದಿನ ಸಾಲಿನಲ್ಲಿ ಕೊನೇ ವರ್ಷದ ಗ್ರಾಫ್ ರಾಜನೂ ನಿಂತು ಕೇಳಿದ. ಅವನಿಗೂ ಇದು ಆಗಷ್ಟೇ ಗೊತ್ತಾದದ್ದು.

ಮಕ್ಕಳು ಬೆಪ್ಪಾಗಿ ನಿಂತುಬಿಟ್ಟಿದ್ದರು. ಯಾರಿಗೂ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಣ್ಣ ತನ್ನ ಎರಡು ಬೆರಳಿನಿಂದಲೇ ಮೇಜಿನ ಮೇಲಿದ್ದ ಟೆಸ್ಟರನ್ನು ಎತ್ತಿ ಎದುರಿಗಿದ್ದ ಹುಡುಗಿಯ ಕೈಗೆ ಕೊಟ್ಟ.

"ಯಾಕಿಷ್ಟು ಸಪ್ಪಗೆ ನಿಂತಿದ್ದೀರಿ? ನಗ್ರಪ್ಪ, ನಗ್ರಮ್ಮ, ನಗಬಾರದು ಅಂತ ಯಾರು ಹೇಳಿದ್ರು? ಮೂರು ಸಲ ಆದಮೇಲೆ ನಗಿ."